ಹರಾಜಿನಲ್ಲಿ ಹಳೆಯ ಬರ್ನಿನಾ: ಸವಾಲು ಹಾಕುವ ಮೊದಲು ಮಾರುವವರಿಂದ ಬರೆಸಿಕೊಳ್ಳಬೇಕಾದದ್ದು

ಪ್ರಶ್ನೆ: ನಾನು ಧಾರವಾಡದವಳು, ಈಗ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದ್ದೇನೆ. ನಮ್ಮ ಅಜ್ಜಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲೇ ಕೌದಿ ಹೊಲಿಯುತ್ತಿದ್ದರು. ನಾನು ಇಲ್ಲಿ ಯಂತ್ರದಲ್ಲಿ ಕ್ವಿಲ್ಟ್ ಹೊಲಿಯುವುದನ್ನು ಕಲಿತಿದ್ದೇನೆ. ಹೊಸ ಯಂತ್ರದ ಬೆಲೆ ನಮ್ಮ ಕೈಗೆ ಎಟಕುವಂತಿಲ್ಲ. ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ‘ಬರ್ನಿನಾ 830’ ಹೊಲಿಗೆ ಯಂತ್ರ ಒಂದು ಹರಾಜಿಗಿದ್ದು, ಬರುವ ಭಾನುವಾರ ಮುಗಿಯುತ್ತದೆ. ಸವಾಲು ಈಗ 760 ಡಾಲರಿಗೆ ಬಂದಿದೆ. ‘ತೀರಿಕೊಂಡ ನಮ್ಮ ಅತ್ತೆಯದು, ಚೆನ್ನಾಗಿ ಓಡುತ್ತದೆ, ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂದು ಮಾರುವವರು ಬರೆದಿದ್ದಾರೆ. ಮೂರೇ ಫೋಟೋಗಳಿವೆ. ಎಲ್ಲ ಸೇರಿ 1,300 ಡಾಲರ್ ದಾಟಬಾರದು ಎಂದುಕೊಂಡಿದ್ದೇನೆ. ಮೋಸಹೋಗದಂತೆ ಕೊಳ್ಳುವುದು ಹೇಗೆ? ಮುಂದೆ ಊರಿಗೆ ಮರಳುವಾಗ ಇದನ್ನು ಒಯ್ಯಬಹುದೇ?

ಉತ್ತರ: ನಿಮ್ಮ ಪತ್ರ ಓದುವಾಗ ನಾನು ಮೊದಲು ನಿಂತದ್ದು 830 ಎಂಬ ಸಂಖ್ಯೆಯ ಮೇಲೆ. ಸ್ವಿಟ್ಜರ್ಲೆಂಡಿನ ಸ್ಟೆಕ್‌ಬೋರ್ನ್ ಎಂಬ ಊರಿನ ಬರ್ನಿನಾ ಕಂಪನಿ ಈ ಒಂದೇ ಸಂಖ್ಯೆಯನ್ನು ಎರಡು ಬೇರೆ ಬೇರೆ ಯಂತ್ರಗಳಿಗೆ ಇಟ್ಟಿದೆ. ಒಂದು 1970ರ ದಶಕದ ‘830 ರೆಕಾರ್ಡ್’. ಪರದೆಯಾಗಲಿ ಕಂಪ್ಯೂಟರಾಗಲಿ ಇಲ್ಲದ, ತಿರುಗಿಸುವ ಗುಂಡಿಗಳಿಂದ ಹೊಲಿಗೆಯನ್ನು ಆರಿಸಿಕೊಳ್ಳುವ, ಕೆಂಪು ಪೆಟ್ಟಿಗೆಯಲ್ಲಿ ಬರುತ್ತಿದ್ದ ಗಟ್ಟಿಮುಟ್ಟಾದ ಯಂತ್ರ. ಇನ್ನೊಂದು 2008ರಲ್ಲಿ ಬಂದದ್ದು. ಬಣ್ಣದ ಸ್ಪರ್ಶಪರದೆ, ಕಸೂತಿ ಹಾಕುವ ಪ್ರತ್ಯೇಕ ಘಟಕ, ದೊಡ್ಡ ಬಾಬಿನ್ (ಕೆಳಗಿನ ದಾರ ಸುತ್ತುವ ಉರುಳೆ) ಮತ್ತು ಸೂಜಿಯ ಬಲಕ್ಕೆ ವಿಶಾಲವಾದ ಜಾಗ ಇರುವ, ಹೊಸತಿದ್ದಾಗ ಹಲವು ಸಾವಿರ ಡಾಲರ್ ಬೆಲೆಬಾಳುತ್ತಿದ್ದ ಕಂಪ್ಯೂಟರ್ ಯಂತ್ರ. ಎರಡಕ್ಕೂ ಬೆಲೆ ಬೇರೆ, ಕಾಯಿಲೆಗಳು ಬೇರೆ, ಬಟ್ಟೆಯನ್ನು ಒತ್ತಿ ಹಿಡಿಯುವ ಒತ್ತುಪಾದಗಳು ಕೂಡ ಬೇರೆ. ಹಳೆಯ ರೆಕಾರ್ಡಿನ ಪಾದಗಳು ಹೊಸದಕ್ಕೆ ನೇರವಾಗಿ ಕೂರುವುದಿಲ್ಲ. ಮನೆಯ ಹಿರಿಯರ ಸಾಮಾನು ಮಾರುತ್ತಿರುವವರಿಗೆ ಈ ವ್ಯತ್ಯಾಸ ಗೊತ್ತಿರುವುದು ಅಪರೂಪ, ಹೀಗಾಗಿ ಒಂದರ ಹೆಸರಿನಲ್ಲಿ ಇನ್ನೊಂದರ ವಿವರಣೆಯನ್ನು ಎಲ್ಲಿಂದಲೋ ನಕಲು ಮಾಡಿ ಹಾಕಿರುವುದನ್ನು ನಾನು ನೋಡಿದ್ದೇನೆ. ಹಾಗಾಗಿ ಮೊದಲ ಕೆಲಸವಾಗಿ ಆ ಮೂರು ಫೋಟೋಗಳನ್ನು ದೊಡ್ಡದಾಗಿ ಮಾಡಿ ನೋಡಿ, ಯಂತ್ರ ಯಾವುದೆಂದು ಖಚಿತಪಡಿಸಿಕೊಳ್ಳಿ. ಅದರ ಮೇಲಿನ ಹೆಸರಿನ ಫಲಕ ಮತ್ತು ಕ್ರಮಸಂಖ್ಯೆ ಇರುವ ಪಟ್ಟಿಯ ಫೋಟೋವನ್ನು ಮಾರುವವರಿಂದ ಕೇಳಿ ಪಡೆಯಿರಿ.

ಎರಡನೆಯದಾಗಿ, ‘ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂಬ ಮಾತಿಗೆ ನೀವು ಹೆದರಬೇಕಾದಷ್ಟು ಬಲವಿಲ್ಲ. ಕೊಂಡವರು ಮನಸ್ಸು ಬದಲಿಸಿದರೆ ಹಣ ಕೊಡುವುದಿಲ್ಲ ಎಂಬುದಷ್ಟೇ ಅದರ ಅರ್ಥ. ಬಂದ ವಸ್ತು ವಿವರಣೆಗೆ ಹೊಂದದಿದ್ದರೆ ಅಥವಾ ಬಾರದೇ ಹೋದರೆ ಇಬೇಯ ಹಣ ವಾಪಸಾತಿ ಭರವಸೆ ನಿಮ್ಮ ಪಾಲಿಗೆ ಇದ್ದೇ ಇರುತ್ತದೆ. ವಸ್ತು ತಲುಪಿದ ದಿನದಿಂದ, ತಲುಪದಿದ್ದರೆ ತಲುಪಬೇಕಿದ್ದ ಕೊನೆಯ ದಿನದಿಂದ, ಸಾಮಾನ್ಯವಾಗಿ 30 ದಿನಗಳೊಳಗೆ ನೀವು ದೂರು ದಾಖಲಿಸಬೇಕು. ಮಾರುವವರಿಗೆ ಉತ್ತರಿಸಲು ಮೂರು ಕೆಲಸದ ದಿನಗಳ ಅವಕಾಶವಿರುತ್ತದೆ. ಆಮೇಲೂ ಪರಿಹಾರ ಸಿಗದಿದ್ದರೆ ಇಬೇಯೇ ಮಧ್ಯೆ ಬಂದು ತೀರ್ಮಾನಿಸುವಂತೆ ಕೇಳಬಹುದು. ಆದರೆ ಈ ಭರವಸೆ ನಿಂತಿರುವುದು ‘ವಿವರಣೆ’ ಎಂಬ ಒಂದೇ ಕಂಬದ ಮೇಲೆ. ವಿವರಣೆಯಲ್ಲಿ ಏನೂ ಹೇಳಿಲ್ಲವಾದರೆ ಯಾವುದಕ್ಕೆ ಹೊಂದುವುದಿಲ್ಲ ಎಂದು ನೀವು ವಾದಿಸುತ್ತೀರಿ? ‘ಬಿಡಿಭಾಗಗಳಿಗಾಗಿ ಅಥವಾ ಕೆಲಸ ಮಾಡದ ಸ್ಥಿತಿ’ ಎಂಬ ವರ್ಗದಲ್ಲಿ ಪಟ್ಟಿಮಾಡಿದ ಯಂತ್ರ ಓಡಲಿಲ್ಲವೆಂದು ಯಾರೂ ನಿಮಗೆ ಹಣ ಮರಳಿಸುವುದಿಲ್ಲ. ಆದ್ದರಿಂದ ಸವಾಲು ಹಾಕುವ ಮೊದಲೇ ಮಾರುವವರಿಂದ ಸಾಧ್ಯವಾದಷ್ಟು ಸ್ಪಷ್ಟವಾದ ಮಾತುಗಳನ್ನು, ಇಬೇಯ ಸಂದೇಶ ಪೆಟ್ಟಿಗೆಯೊಳಗೇ, ಬರಹದಲ್ಲಿ ಪಡೆಯಬೇಕು. ಫೋನಿನಲ್ಲಿ ಆಡಿದ ಮಾತು ಎಷ್ಟು ಸೌಜನ್ಯದ್ದಾಗಿದ್ದರೂ ವ್ಯಾಜ್ಯದ ದಿನ ಉಪಯೋಗಕ್ಕೆ ಬರುವುದಿಲ್ಲ.

‘ಚೆನ್ನಾಗಿ ಓಡುತ್ತದೆ’ ಎಂಬುದನ್ನು ನಾನು ಸ್ಪಷ್ಟ ಮಾತೆಂದು ಒಪ್ಪುವುದಿಲ್ಲ. ಹೊಲಿಗೆ ಬಾರದವರು ಪ್ಲಗ್ ಹಾಕಿ, ದೀಪ ಹತ್ತಿದ್ದನ್ನೂ ಸೂಜಿ ಮೇಲೆ ಕೆಳಗೆ ಆಡಿದ್ದನ್ನೂ ನೋಡಿ ಪ್ರಾಮಾಣಿಕವಾಗಿಯೇ ಹಾಗೆ ಬರೆಯುತ್ತಾರೆ. ಯಂತ್ರಕ್ಕೆ ದಾರ ಪೋಣಿಸಿ ಬಟ್ಟೆಯ ಮೇಲೆ ಹೊಲಿಗೆ ಹಾಕಿ ನೋಡಿದ್ದೀರಾ ಎಂದು ಕೇಳಿದರೆ ಹತ್ತರಲ್ಲಿ ಹೆಚ್ಚಿನವರು ಇಲ್ಲವೆನ್ನುತ್ತಾರೆ. ಸೂಜಿ ಆಡುವುದಕ್ಕೂ ಹೊಲಿಗೆ ಬೀಳುವುದಕ್ಕೂ ನಡುವೆ ಸೂಜಿಯ ದಾರವನ್ನು ಕೆಳಗೆ ಹಿಡಿಯುವ ಹುಕ್ಕಿನ ಸಮಯ, ದಾರದ ಬಿಗಿತ, ಬಟ್ಟೆಯನ್ನು ಮುಂದಕ್ಕೆ ದೂಡುವ ಹಲ್ಲುಗಳು, ಅಡ್ಡಹೊಲಿಗೆಗೆ ಸೂಜಿಯನ್ನು ಎಡಬಲಕ್ಕೆ ತೂಗುವ ಭಾಗಗಳು ಎಲ್ಲವೂ ಇವೆ. ಇವುಗಳಲ್ಲಿ ಯಾವುದು ಕೆಟ್ಟಿದ್ದರೂ ಸೂಜಿ ಸುಖವಾಗಿ ಆಡುತ್ತಲೇ ಇರುತ್ತದೆ.

ಹಾಗಾಗಿ ನೀವು ಕೇಳಬೇಕಾದದ್ದು ಒಂದು ಸಣ್ಣ ವೀಡಿಯೋ, ಧ್ವನಿಯ ಸಮೇತ. ಎರಡು ಪದರದ ಹತ್ತಿ ಬಟ್ಟೆಯ ಮೇಲೆ, ಮೇಲಿನ ದಾರ ಒಂದು ಬಣ್ಣ ಮತ್ತು ಬಾಬಿನ್ ದಾರ ಇನ್ನೊಂದು ಬಣ್ಣ ಹಾಕಿ, ನೇರ ಹೊಲಿಗೆ, ಅಗಲವಾದ ಅಡ್ಡಹೊಲಿಗೆ ಮತ್ತು ಹಿಂದಕ್ಕೆ ಹೊಲಿಯುವುದು, ಈ ಮೂರನ್ನೂ ತೋರಿಸಲಿ. ಆಮೇಲೆ ಬಟ್ಟೆಯ ಎರಡೂ ಮಗ್ಗುಲುಗಳ ಹತ್ತಿರದ ಫೋಟೋ ಕಳಿಸಲಿ. ಎರಡು ಬಣ್ಣ ಕೇಳುವುದಕ್ಕೆ ಕಾರಣವಿದೆ: ಕೆಳಗಿನ ಬಣ್ಣ ಮೇಲೆ ಚುಕ್ಕಿಯಾಗಿ ಇಣುಕಿದರೆ ಅಥವಾ ಮೇಲಿನದು ಕೆಳಗೆ ಕುಣಿಕೆಯಾಗಿ ಬಿದ್ದರೆ ಬಿಗಿತ ಸರಿಯಿಲ್ಲವೆಂದು ಒಂದೇ ನೋಟಕ್ಕೆ ತಿಳಿಯುತ್ತದೆ. ವೀಡಿಯೋದ ಕೊನೆಗೆ ಬಲಗಡೆಯ ಕೈಚಕ್ರವನ್ನು ನಿಧಾನವಾಗಿ ತಮ್ಮ ಕಡೆಗೆ ಒಂದು ಪೂರ್ತಿ ಸುತ್ತು ತಿರುಗಿಸಿ ತೋರಿಸುವಂತೆ ಕೇಳಿ. ಊರಿನಲ್ಲಿ ಕಪ್ಪು ಉಷಾ ಅಥವಾ ಸಿಂಗರ್ ತುಳಿದು ಬೆಳೆದ ನಮ್ಮಂಥವರಿಗೆ ಚಕ್ರ ಎಲ್ಲಿ ಹಿಡಿಯುತ್ತದೆ ಎಂಬುದು ಕೈಗೆ ಗೊತ್ತಿರುತ್ತದೆ, ಆದರೆ ದೂರದ ಯಂತ್ರದ ಮೇಲೆ ಕೈಯಿಡಲು ಆಗದಿರುವಾಗ ಕಣ್ಣು ಕಿವಿಗಳೇ ಆ ಕೆಲಸ ಮಾಡಬೇಕು. ಜೊತೆಗೆ ಬಾಬಿನ್ ಇರುವ ಕಡೆಯ ಮುಚ್ಚಳ ತೆಗೆದು ಹುಕ್ಕಿನ ಜಾಗದ ಒಂದು ಫೋಟೋ ಬೇಕು: ಅಲ್ಲಿ ತುಕ್ಕು ಇದೆಯೇ, ಸೂಜಿ ತಟ್ಟೆಯ ರಂಧ್ರದ ಸುತ್ತ ಮುರಿದ ಸೂಜಿಗಳು ಹೊಡೆದ ಗಾಯಗಳಿವೆಯೇ, ಬಾಬಿನ್ ಕೂರುವ ಪುಟ್ಟ ಗೂಡು, ಅಂದರೆ ಬಾಬಿನ್ ಕೇಸ್, ಇದೆಯೇ ಇಲ್ಲವೇ ಎಂಬುದು ಕಾಣುತ್ತದೆ. ಬಾಬಿನ್ ಕೇಸ್ ಇಲ್ಲದ ಯಂತ್ರಗಳು ಹರಾಜಿಗೆ ಬರುವುದು ನೀವು ಊಹಿಸುವುದಕ್ಕಿಂತ ಹೆಚ್ಚು. ಚಿಕ್ಕ ವಸ್ತುವಾದ್ದರಿಂದ ಅದು ಯಾವುದೋ ಡಬ್ಬಿಯಲ್ಲಿ ಉಳಿದುಹೋಗಿರುತ್ತದೆ.

ನಿಮ್ಮದು ಹಳೆಯ ರೆಕಾರ್ಡ್ ಆಗಿದ್ದರೆ ಇನ್ನೆರಡು ಸಂಗತಿಗಳನ್ನು ಗಮನಿಸಿ. ಆ ಸಾಲಿನ ಯಂತ್ರಗಳಲ್ಲಿ ಹೊಲಿಗೆಯ ವಿನ್ಯಾಸ ಮೂಡಿಸುವ ಕ್ಯಾಮ್ ದಂಡದ ಲೋಹವಲ್ಲದ ಹಲ್ಲುಚಕ್ರ ವಯಸ್ಸಾದ ಮೇಲೆ ಸೀಳುಬಿಡುತ್ತದೆ. ಸೀಳಿದ ಜಾಗ ಸುತ್ತಿ ಬಂದಾಗಲೆಲ್ಲ ಒಂದೇ ಲಯದಲ್ಲಿ ‘ಟಕ್’ ಎಂಬ ಸದ್ದು ಕೇಳಿಸುತ್ತದೆ. ಅದಕ್ಕಾಗಿಯೇ ನಾನು ಧ್ವನಿಯಿರುವ ವೀಡಿಯೋ ಎಂದು ಒತ್ತಿ ಹೇಳಿದ್ದು. ಚಕ್ರ ಸ್ವತಃ ದುಬಾರಿಯಲ್ಲ, ಅದನ್ನು ತಲುಪಲು ಯಂತ್ರವನ್ನು ಬಿಚ್ಚಿ ಮತ್ತೆ ಹೊಂದಿಸುವ ಗಂಟೆಗಳು ದುಬಾರಿ. ಎರಡನೆಯದು, ಆ ಕಾಲದ ಯುರೋಪಿನ ಬಹಳಷ್ಟು ಯಂತ್ರಗಳ ಕಾಲುಪೆಡಲಿನಲ್ಲಿ ಹಾಗೂ ಮೋಟಾರಿನ ಬಳಿ ಇರುವ ಕಾಗದದ ಕೆಪಾಸಿಟರ್ ವರ್ಷಗಟ್ಟಲೆ ತೇವಾಂಶ ಹೀರಿ ಬಿರುಕುಬಿಟ್ಟಿರುತ್ತದೆ. ಬಹುಕಾಲ ಮೂಲೆಯಲ್ಲಿದ್ದ ಯಂತ್ರಕ್ಕೆ ಮೊದಲ ಬಾರಿ ವಿದ್ಯುತ್ ಕೊಟ್ಟಾಗ ಅದು ಸಿಡಿದು ದಟ್ಟವಾದ, ಕೆಟ್ಟ ವಾಸನೆಯ ಹೊಗೆ ಬರುತ್ತದೆ. ನೋಡಿದವರು ಯಂತ್ರವೇ ಸುಟ್ಟುಹೋಯಿತೆಂದು ಗಾಬರಿಯಾಗುತ್ತಾರೆ; ವಾಸ್ತವವಾಗಿ ಬಲ್ಲವರಿಗೆ ಇದು ಸಣ್ಣ ರಿಪೇರಿ. ಆದರೂ ಆ ಭಾಗವನ್ನು ಬದಲಿಸಲಾಗಿದೆಯೇ ಎಂದು ಕೇಳುವುದು ಒಳ್ಳೆಯದು, ಬದಲಿಸಿಲ್ಲವಾದರೆ ಯಂತ್ರವನ್ನು ಪ್ಲಗ್‌ನಲ್ಲಿಟ್ಟು ಕೋಣೆಯಿಂದ ಎದ್ದುಹೋಗಬೇಡಿ. ಇದೇ ವಯಸ್ಸಿನ ಫಾಫ್ ಕಂಪನಿಯ 1222 ಮತ್ತು ಅದರ ಸೋದರ ಮಾದರಿಗಳಲ್ಲಿ ಎಣ್ಣೆ ಅಂಟುಗಟ್ಟಿ ಗುಂಡಿಗಳು ಬಿಗಿದುಕೊಳ್ಳುತ್ತವೆ. ‘ಗುಂಡಿ ಸ್ವಲ್ಪ ಬಿಗಿಯಾಗಿದೆ’ ಎಂದು ಮಾರುವವರು ಬರೆದಿದ್ದರೆ, ಬಲವಂತವಾಗಿ ತಿರುಗಿಸಿ ಒಳಗಿನ ಹಲ್ಲುಚಕ್ರ ಮುರಿದಿರುವ ಸಾಧ್ಯತೆಯನ್ನೂ ಬೆಲೆಯಲ್ಲಿ ಲೆಕ್ಕಹಾಕಿ.

2008ರ 830 ಆಗಿದ್ದರೆ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಬರ್ನಿನಾದ ಇಂಥ ಕಂಪ್ಯೂಟರ್ ಯಂತ್ರಗಳು ತಾವು ಹಾಕಿದ ಒಟ್ಟು ಹೊಲಿಗೆಗಳನ್ನೂ, ಕೊನೆಯ ಸರ್ವೀಸಿನ ನಂತರ ಹಾಕಿದ ಹೊಲಿಗೆಗಳನ್ನೂ ಎಣಿಸಿ ಇಟ್ಟುಕೊಳ್ಳುತ್ತವೆ. ಕಾರಿನ ಓಡೋಮೀಟರ್ ಇದ್ದ ಹಾಗೆ. ಆ ಪರದೆಯ ಫೋಟೋ ಕೇಳಿ. ‘ಬಹಳ ಕಡಿಮೆ ಬಳಸಿದ್ದು’ ಎಂಬ ಮಾತಿಗೂ ಪರದೆ ಹೇಳುವ ಲೆಕ್ಕಕ್ಕೂ ಹೊಂದಿಕೆಯಾಗದಿದ್ದರೆ ನಿಮಗೆ ಬೇಕಾದಷ್ಟು ತಿಳಿದಂತಾಯಿತು. ಕಸೂತಿ ಘಟಕ ಜೊತೆಗಿದೆಯೇ, ಎಷ್ಟು ಕಸೂತಿ ಚೌಕಟ್ಟುಗಳಿವೆ, ಪೆಡಲ್ ಮತ್ತು ವಿದ್ಯುತ್ ತಂತಿ ಆ ಯಂತ್ರದ್ದೇ ಆಗಿವೆಯೇ ಎಂಬುದನ್ನು ಒಂದೊಂದಾಗಿ ಹೆಸರಿಸಿ ಕೇಳಿ, ಏಕೆಂದರೆ ಘಟಕವನ್ನೂ ಚೌಕಟ್ಟುಗಳನ್ನೂ ಬೇರೆಯಾಗಿ ಕೊಳ್ಳಹೊರಟರೆ ಅಗ್ಗವಾಗಿ ಸಿಕ್ಕ ಯಂತ್ರ ಅಗ್ಗವಾಗಿ ಉಳಿಯುವುದಿಲ್ಲ. ನೀವು ಕ್ವಿಲ್ಟ್ ಮಾಡುವವರಾದ್ದರಿಂದ ಬಿಎಸ್‌ಆರ್ ಎಂಬ ಪಾದದ ಬಗ್ಗೆ ವಿಶೇಷವಾಗಿ ವಿಚಾರಿಸಿ. ಕೈಯಿಂದ ಬಟ್ಟೆಯನ್ನು ಬೇಕಾದ ದಿಕ್ಕಿಗೆ ಸರಿಸುತ್ತ ಹೊಲಿಯುವಾಗ, ಕೈ ನಿಧಾನವಾದರೂ ವೇಗವಾದರೂ ಹೊಲಿಗೆಯ ಉದ್ದ ಒಂದೇ ಸಮ ಇರುವಂತೆ ನೋಡಿಕೊಳ್ಳುವ, ಬಟ್ಟೆಯ ಚಲನೆಯನ್ನು ತಾನೇ ಗ್ರಹಿಸುವ ಪಾದ ಅದು. ಬರ್ನಿನಾ ಅದನ್ನು ಹೊರತಂದದ್ದು 2004ರ ಸುಮಾರಿಗೆ. ಅದಕ್ಕೂ ಹಿಂದಿನ ಹೆಚ್ಚಿನ ಮಾದರಿಗಳು ಅದನ್ನು ಸ್ವೀಕರಿಸುವುದಿಲ್ಲ. ಒಳ್ಳೆಯ ಕ್ವಿಲ್ಟ್ ಯಂತ್ರವೆಂದು ಮಾರುವ ಎಷ್ಟೋ ಬರ್ನಿನಾಗಳ ಜೊತೆ ಈ ಪಾದ ಇರುವುದಿಲ್ಲ, ಅದೊಂದೇ ನೂರಾರು ಡಾಲರಿನ ವಸ್ತು.

ಕಂಪ್ಯೂಟರ್ ಯಂತ್ರಗಳ ಬಗ್ಗೆ ನನ್ನ ಒಂದು ಗಟ್ಟಿ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಲೋಹದ ಯಂತ್ರ ಕೆಟ್ಟರೆ ಯಾರಾದರೂ ಬಿಚ್ಚಿ ನೋಡಬಹುದು. ಒಳಗಿನ ಸರ್ಕ್ಯೂಟ್ ಬೋರ್ಡ್ ಕೆಟ್ಟು, ಕಂಪನಿ ಅದನ್ನು ತಯಾರಿಸುವುದನ್ನು ನಿಲ್ಲಿಸಿದ್ದರೆ, ಇಡೀ ಯಂತ್ರ ಬರಿಯ ಭಾರವಾಗಿ ಉಳಿಯುತ್ತದೆ. ಆದ್ದರಿಂದ ಸವಾಲು ಹಾಕುವ ಮೊದಲು ನಿಮ್ಮ ಊರಿನ ಬರ್ನಿನಾ ಡೀಲರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಈ ಮಾದರಿಗೆ ಬೋರ್ಡ್ ಮತ್ತು ಪರದೆ ಈಗಲೂ ಸಿಗುತ್ತವೆಯೇ, ಹೊರಗೆ ಕೊಂಡ ಯಂತ್ರವನ್ನು ನೀವು ಸರ್ವೀಸ್ ಮಾಡುತ್ತೀರಾ? ಹಳೆಯ ಕಸೂತಿ ಯಂತ್ರಗಳಲ್ಲಿ ವಿನ್ಯಾಸವನ್ನು ಒಳಗೆ ಹಾಕುವ ದಾರಿಯೇ ಮುಚ್ಚಿಹೋಗಿರುವುದೂ ಉಂಟು. ಹುಸ್ಕ್ವರ್ನಾ ವೈಕಿಂಗ್‌ನ ಡಿಸೈನರ್ 1 ಎಂಬ ಯಂತ್ರ ಫ್ಲಾಪಿ ಡಿಸ್ಕ್ ಬಳಸುತ್ತಿತ್ತು. ಇಂದು ಫ್ಲಾಪಿ ಹುಡುಕುವುದು ಯಂತ್ರ ಹುಡುಕುವುದಕ್ಕಿಂತ ಕಷ್ಟ. ಕಸೂತಿಯ ಸಾಫ್ಟ್‌ವೇರ್ ಜೊತೆಗಿದೆ ಎಂದು ಬರೆದಿದ್ದರೆ, ಅದನ್ನು ತೆರೆಯಲು ಬೇಕಾದ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಕೀಲಿ) ಕೂಡ ಇದೆಯೇ ಎಂದು ಕೇಳಿ. ಅದಿಲ್ಲದ ಡಿಸ್ಕಿಗೆ ಬೆಲೆಯಿಲ್ಲ.

ನಿಮ್ಮ ಪ್ರಶ್ನೆಗೆ ನೇರವಾಗಿ ಸೇರದಿದ್ದರೂ, ಈ ಹುಡುಕಾಟದಲ್ಲಿ ನಿಮಗೆ ಎದುರಾಗಲಿರುವ ಎರಡು ಸುಳ್ಳುಗಳನ್ನು ಇಲ್ಲೇ ಹೇಳುವುದು ಸೂಕ್ತ. ಮನೆಬಳಕೆಯ ಹಳೆಯ ಲೋಹದ ಯಂತ್ರವನ್ನು ‘ಇಂಡಸ್ಟ್ರಿಯಲ್ ಸಾಮರ್ಥ್ಯದ್ದು, ಚರ್ಮ ಹೊಲಿಯುತ್ತದೆ’ ಎಂದು ಮಾರುವುದು ಒಂದು. ಕಾರ್ಖಾನೆಯ ಯಂತ್ರ ಎಂದರೆ ಮೇಜಿಗೆ ಕೂರಿಸಿದ, ಕೆಳಗೆ ಪ್ರತ್ಯೇಕವಾದ ದೊಡ್ಡ ಮೋಟಾರ್ ಇರುವ, ದಿನವಿಡೀ ಓಡಲೆಂದೇ ಮಾಡಿದ ಯಂತ್ರ; ಮನೆಯ ಯಂತ್ರದ ಅಡಿಯಲ್ಲಿ ನಾಲ್ಕು ಪದರ ಚರ್ಮ ತೂರಿಸಿ ಹೊಲಿದ ವೀಡಿಯೋ ತೋರಿಸಿದರೆ, ಅದರ ಆರೋಗ್ಯಕ್ಕೆ ಆದ ಹಾನಿಯನ್ನೇ ನಿಮಗೆ ತೋರಿಸಿದ ಹಾಗೆ. ಇನ್ನೊಂದು ಸಿಂಗರ್ 221 ಫೆದರ್‌ವೇಟ್‌ಗೆ ಸಂಬಂಧಿಸಿದ್ದು. 1933ರ ಷಿಕಾಗೋ ವಿಶ್ವಮೇಳದಲ್ಲಿ ಪರಿಚಯಿಸಿದ, ಸುಮಾರು 11 ಪೌಂಡ್ ಅಂದರೆ ಐದು ಕಿಲೋ ತೂಗುವ ಆ ಪುಟ್ಟ ಕಪ್ಪು ಯಂತ್ರಕ್ಕೆ ಕ್ವಿಲ್ಟ್ ಮಾಡುವವರಲ್ಲಿ ಇಂದಿಗೂ ಅಪಾರ ಪ್ರೀತಿಯಿದೆ, ಹೀಗಾಗಿ ಬೆಲೆಯೂ ಇದೆ. ಅದನ್ನು ಕೆಂಪು, ಗುಲಾಬಿ ಬಣ್ಣಗಳಲ್ಲಿ ‘ಅಪರೂಪದ ಮೂಲ ಬಣ್ಣ’ ಎಂದು ಮಾರಿದರೆ ನಂಬಬೇಡಿ. ಅವು ಮರುಬಣ್ಣ ಹಚ್ಚಿದವು. ಸಿಂಗರ್ ಕಂಪನಿಯ ನೂರನೆಯ ವರ್ಷವಾದ 1951ರ ನೀಲಿ ಅಂಚಿನ ಶತಮಾನೋತ್ಸವ ಬಿಲ್ಲೆಯನ್ನು ಬೇರೆ ಯಂತ್ರಕ್ಕೆ ಅಂಟಿಸುವುದೂ ನಡೆಯುತ್ತದೆ. ತಳದಲ್ಲಿ ಒತ್ತಿರುವ ಕ್ರಮಸಂಖ್ಯೆಯಿಂದ ಯಂತ್ರ ತಯಾರಾದ ಕಾಲವನ್ನು ಪತ್ತೆಮಾಡಬಹುದಾದ್ದರಿಂದ, ಬಿಲ್ಲೆಗಿಂತ ಆ ಸಂಖ್ಯೆಯ ಫೋಟೋವನ್ನು ನಂಬಿ.

ಮಾರುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಶೇಕಡಾವಾರು ಒಳ್ಳೆಯ ಅಭಿಪ್ರಾಯವನ್ನು ಮಾತ್ರ ನೋಡದೆ, ಆ ಅಭಿಪ್ರಾಯಗಳು ಯಾವ ವಸ್ತುಗಳಿಗೆ ಬಂದವು ಎಂಬುದನ್ನು ನೋಡಿ. ವರ್ಷಗಳಿಂದ ಅಂಗಿಯ ಗುಂಡಿ, ಪುಸ್ತಕ ಮಾರುತ್ತಿದ್ದ ಖಾತೆ ಏಕಾಏಕಿ ಹತ್ತು ದುಬಾರಿ ಯಂತ್ರಗಳನ್ನು ಕಡಿಮೆ ಬೆಲೆಗೆ ಇಟ್ಟಿದ್ದರೆ ಆ ಖಾತೆಯನ್ನೇ ಯಾರೋ ಕದ್ದಿರುವ ಸಾಧ್ಯತೆ ಹೆಚ್ಚು. ಕಂಪನಿಯ ಪುಸ್ತಿಕೆಯಿಂದ ತೆಗೆದ ಚಂದದ ಚಿತ್ರ ಸಾಲದು. ಯಂತ್ರದ ಪಕ್ಕ ಒಂದು ಚೀಟಿಯಲ್ಲಿ ಇಂದಿನ ದಿನಾಂಕ ಬರೆದಿಟ್ಟು ಫೋಟೋ ಕಳಿಸಿ ಎಂದರೆ ನಿಜವಾಗಿ ಯಂತ್ರ ಇರುವವರಿಗೆ ಐದು ನಿಮಿಷದ ಕೆಲಸ. ಇಬೇಯ ಹೊರಗೆ ಬನ್ನಿ, ಜೆಲ್ (ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ಸೇವೆ) ಮೂಲಕ ಕಳಿಸಿ, ಗಿಫ್ಟ್ ಕಾರ್ಡಿನಲ್ಲಿ ಕೊಡಿ, ಪೇಪಾಲ್‌ನಲ್ಲಿ ‘ಸ್ನೇಹಿತರು ಮತ್ತು ಕುಟುಂಬ’ ಎಂದು ಹಾಕಿ, ಬೆಲೆ ಇಳಿಸುತ್ತೇನೆ ಎಂದವರ ಜೊತೆ ಮಾತು ಮುಂದುವರಿಸಬೇಡಿ. ಆ ದಾರಿಗಳಲ್ಲಿ ಹೋದ ಹಣಕ್ಕೆ ಕೊಳ್ಳುವವರ ರಕ್ಷಣೆ ಯಾವುದೂ ಅನ್ವಯಿಸುವುದಿಲ್ಲ. ಸೋತ ಹರಾಜಿನ ಮರುದಿನ ‘ಗೆದ್ದವರು ಹಿಂದೆ ಸರಿದರು, ನಿಮಗೇ ಕೊಡುತ್ತೇವೆ’ ಎಂಬ ಇಮೇಲ್ ಬಂದರೆ, ಅದು ಇಬೇಯೊಳಗಿನ ನಿಮ್ಮ ಸಂದೇಶ ಪೆಟ್ಟಿಗೆಯಲ್ಲೂ ಇದೆಯೇ ಎಂದು ನೋಡಿ. ಅಲ್ಲಿ ಇಲ್ಲದಿದ್ದರೆ ಅದು ಬಲೆ. ಹಣವನ್ನು ಇಬೇಯಲ್ಲೇ, ಕ್ರೆಡಿಟ್ ಕಾರ್ಡಿನಿಂದ ಕೊಡಿ. ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ತಕರಾರು ಹೂಡುವ ಎರಡನೆಯ ಅವಕಾಶ ಆಗ ಉಳಿದಿರುತ್ತದೆ.

ಇನ್ನು ಹಣದ ಲೆಕ್ಕ. ಮಾರಾಟಕ್ಕಿಟ್ಟ ಯಂತ್ರಗಳ ಬೆಲೆ ನೋಡಬೇಡಿ, ಅದು ಮಾರುವವರ ಆಸೆಯ ಅಳತೆ. ಹುಡುಕಾಟದಲ್ಲಿ ‘ಮಾರಾಟವಾದವು’ ಎಂಬ ಆಯ್ಕೆ ಒತ್ತಿದರೆ ಕಳೆದ 90 ದಿನಗಳಲ್ಲಿ ಅದೇ ಮಾದರಿ ನಿಜವಾಗಿ ಎಷ್ಟಕ್ಕೆ ಹೋಯಿತೆಂದು ಕಾಣುತ್ತದೆ. ನಿಮ್ಮ ಮಿತಿ 1,300 ಡಾಲರ್. ಅದರಲ್ಲಿ ಸರ್ವೀಸಿಗೆ 150 ತೆಗೆದಿಡಿ. ಎಷ್ಟೇ ಚೆನ್ನಾಗಿ ಓಡುವ ಯಂತ್ರವಾದರೂ ಬಂದ ಕೂಡಲೇ ಒಮ್ಮೆ ಬಲ್ಲವರ ಕೈಗೆ ಕೊಡಬೇಕು. ಸಾಗಣೆ 90 ಎಂದಿಟ್ಟುಕೊಳ್ಳೋಣ. ಆಸ್ಟಿನ್‌ನ ಮಾರಾಟ ತೆರಿಗೆ ಶೇ 8.25, ಅದು ಸಾಗಣೆಯ ಮೇಲೂ ಬೀಳುತ್ತದೆ. ಇದನ್ನೆಲ್ಲ ಕಳೆದರೆ ನೀವು ಹಾಕಬಹುದಾದ ಗರಿಷ್ಠ ಸವಾಲು 972 ಡಾಲರ್. ಬಿಎಸ್‌ಆರ್ ಪಾದವೋ ಬಾಬಿನ್ ಕೇಸೋ ಇಲ್ಲವೆಂದು ತಿಳಿದರೆ ಅದರ ಬೆಲೆಯನ್ನೂ ಇಲ್ಲೇ ಕಳೆಯಿರಿ. ಈ ಮೊತ್ತವನ್ನು ಕಾಗದದಲ್ಲಿ ಬರೆದಿಡಿ, ಹರಾಜಿನ ಕೊನೆಯ ಕ್ಷಣಗಳಲ್ಲಿ ಒಮ್ಮೆ ಮಾತ್ರ ಹಾಕಿ. ಇಬೇ ನಿಮ್ಮ ಗರಿಷ್ಠ ಮೊತ್ತವನ್ನು ಗುಟ್ಟಾಗಿಟ್ಟುಕೊಂಡು, ಎದುರಾಳಿಯನ್ನು ಮೀರಲು ಬೇಕಾದಷ್ಟೇ ಏರಿಸುತ್ತದೆ: ಇನ್ನೊಬ್ಬರ ಗರಿಷ್ಠ 905 ಆಗಿದ್ದರೆ, ಆ ಹಂತದ ಏರಿಕೆ 10 ಡಾಲರ್ ಆದ್ದರಿಂದ, ನಿಮಗೆ ಯಂತ್ರ 915ಕ್ಕೆ ಸಿಗುತ್ತದೆ, ತೆರಿಗೆ, ಸಾಗಣೆ, ಸರ್ವೀಸು ಸೇರಿ ಸುಮಾರು 1,238 ಡಾಲರ್. ನಾಲ್ಕು ದಿನ ಮೊದಲೇ ಸವಾಲು ಹಾಕುತ್ತ ಹೋದರೆ ಬೇರೆಯವರಿಗೆ ನಿಮ್ಮನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುವ ಸಮಯ ಸಿಗುತ್ತದೆ, ನಿಮಗೂ ಹಟ ಹುಟ್ಟುತ್ತದೆ. ನಮ್ಮೂರ ಹರಾಜಿನಲ್ಲಿ ಮೂರು ಬಾರಿ ಕೂಗಿ ನಿಲ್ಲಿಸುವಂತೆ ಇಲ್ಲಿ ಕಾಯುವುದಿಲ್ಲ. ಗಡಿಯಾರ ಸೊನ್ನೆಗೆ ಬಂದ ಕ್ಷಣಕ್ಕೆ ಮುಗಿಯಿತು. ಸವಾಲು ಗೆದ್ದರೆ ಅದು ಕೊಳ್ಳುವ ಒಪ್ಪಂದ ಎಂಬುದನ್ನೂ ನೆನಪಿಡಿ, ಬೇಡವೆಂದು ಸುಲಭವಾಗಿ ಹಿಂದೆ ಸರಿಯಲಾಗದು.

ಯಂತ್ರ ಒಳ್ಳೆಯದಾಗಿದ್ದು, ಮಾರುವವರು ಪ್ರಾಮಾಣಿಕರಾಗಿದ್ದು, ಬೆಲೆಯೂ ಸರಿಯಾಗಿದ್ದು, ಆದರೂ ಎಲ್ಲ ಹಾಳಾಗುವುದು ಪ್ಯಾಕಿಂಗ್‌ನಲ್ಲಿ. ಈ ಭಾಗವನ್ನು ನಾನು ನೋವಿನಿಂದಲೇ ಬರೆಯುತ್ತಿದ್ದೇನೆ. ಹಲವು ವರ್ಷಗಳ ಹಿಂದೆ ನಾನು ಕೊಂಡ ಒಂದು ಹಳೆಯ ಯಂತ್ರವನ್ನು ಮಾರಿದವರು ಅದರದೇ ಪೆಟ್ಟಿಗೆಯಲ್ಲಿಟ್ಟು, ಕಾಲುಪೆಡಲನ್ನು ಮೇಲೆ ಸಡಿಲವಾಗಿ ಹಾಕಿ, ಹೊರಗೆ ಒಂದೇ ಪದರದ ರಟ್ಟು ಸುತ್ತಿ ಕಳಿಸಿದ್ದರು. ದಾರಿಯುದ್ದಕ್ಕೂ ಪೆಡಲ್ ಸುತ್ತಿಗೆಯಂತೆ ಹೊಡೆದು ದಾರದ ಕಡ್ಡಿಗಳನ್ನೂ ಗುಂಡಿಗಳನ್ನೂ ಮುರಿದಿತ್ತು, ಕೈಚಕ್ರದ ಮೇಲೆ ಬಿದ್ದ ಏಟಿಗೆ ಮುಖ್ಯ ದಂಡವೇ ಬಾಗಿತ್ತು. ಹಣ ಮರಳಿತು, ನಲವತ್ತು ವರ್ಷ ಒಬ್ಬರ ಮನೆಯಲ್ಲಿ ಚೆನ್ನಾಗಿ ಓಡಿದ ಯಂತ್ರ ಮರಳಲಿಲ್ಲ. ಅಂದಿನಿಂದ ಸವಾಲು ಹಾಕುವ ಮೊದಲೇ ಪ್ಯಾಕಿಂಗ್ ಬಗ್ಗೆ ಬರೆದು, ಒಪ್ಪಿಗೆ ಪಡೆದೇ ಮುಂದುವರಿಯುತ್ತೇನೆ. ನೀವೂ ಹೀಗೆ ಬರೆಯಿರಿ: ಪೆಡಲ್, ತಂತಿ, ಬಿಡಿಭಾಗಗಳನ್ನು ಯಂತ್ರದಿಂದ ಬೇರ್ಪಡಿಸಿ ಪ್ರತ್ಯೇಕವಾಗಿ ಸುತ್ತಬೇಕು, ಸೂಜಿ ತೆಗೆದು, ಒತ್ತುಪಾದದ ಕೆಳಗೆ ಬಟ್ಟೆ ಮಡಚಿಟ್ಟು ಪಾದವನ್ನು ಇಳಿಸಬೇಕು, ಯಂತ್ರದ ತೋಳಿನ ಕೆಳಗಿನ ಖಾಲಿ ಜಾಗವನ್ನು ಗಟ್ಟಿಯಾದ ಫೋಮ್‌ನಿಂದ ತುಂಬಬೇಕು, ಗುಳ್ಳೆಹಾಳೆಯನ್ನು ಹಲವು ಸುತ್ತು ಸುತ್ತಿ ಒಂದು ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ಎಲ್ಲ ಮಗ್ಗುಲಲ್ಲೂ ಎರಡು ಮೂರು ಅಂಗುಲ ಮೆತ್ತೆ ಇರುವ ಇನ್ನೊಂದು ದೊಡ್ಡ ಪೆಟ್ಟಿಗೆಯಲ್ಲಿ ಇಡಬೇಕು. ಸಡಿಲವಾದ ಥರ್ಮಾಕೋಲ್ ಕಾಳುಗಳನ್ನು ಮಾತ್ರ ತುಂಬುವುದು ಬೇಡ, ಭಾರವಾದ ಯಂತ್ರ ಅವುಗಳ ನಡುವೆ ಜಾರಿ ತಳಕ್ಕೆ ಹೋಗಿ ಕೂರುತ್ತದೆ. ಯುಪಿಎಸ್‌ನಂಥ ಸಾಗಣೆ ಸಂಸ್ಥೆಗಳು ಪಾರ್ಸೆಲ್‌ನ ಬೆಲೆ ಘೋಷಿಸದಿದ್ದರೆ 100 ಡಾಲರಿಗಷ್ಟೇ ಹೊಣೆ ಹೊರುತ್ತವೆ, ಆದ್ದರಿಂದ ಪೂರ್ತಿ ಬೆಲೆಗೆ ವಿಮೆ ಮಾಡಿಸುವಂತೆ ಹೇಳಿ, ಅದರ ಖರ್ಚನ್ನು ನೀವೇ ಕೊಡುವುದಾಗಿ ತಿಳಿಸಿ. ಇದನ್ನು ಕೇಳಿ ಸಿಡುಕುವ ಮಾರಾಟಗಾರರಿಂದ ನಾನು ಕೊಳ್ಳುವುದಿಲ್ಲ.

ಕಾರಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಯಂತ್ರವಿದ್ದರೆ, ಸಾಗಣೆಯ ಈ ಎಲ್ಲ ತಲೆನೋವನ್ನು ಬಿಟ್ಟು ನೀವೇ ಹೋಗಿ ತನ್ನಿ. ನನ್ನ ಪಾಲಿಗೆ ಅದು ನೂರು ಡಾಲರ್ ಹೆಚ್ಚು ಕೊಡಲು ಯೋಗ್ಯವಾದ ಅನುಕೂಲ. ನಿಮ್ಮದೇ ದಾರ, ಹೊಸ ಸೂಜಿ, ಬ್ಯಾಟಿಂಗ್ (ಕ್ವಿಲ್ಟಿನ ನಡುವೆ ಇಡುವ ಮೆತ್ತನೆಯ ಪದರ) ಸೇರಿಸಿದ ಮೂರು ಪದರದ ಬಟ್ಟೆ ಒಯ್ದು ಅಲ್ಲೇ ಕೂತು ಹೊಲಿದು ನೋಡಿ. ಇಬೇಯಲ್ಲಿ ಹಣ ಕಟ್ಟಿ ಕೈಯಾರೆ ಪಡೆಯುವಾಗ ಒಂದು ಸಂಕೇತ ಸಂಖ್ಯೆಯನ್ನು ಮಾರುವವರಿಗೆ ತೋರಿಸಬೇಕಾಗುತ್ತದೆ. ವಸ್ತು ನಿಮ್ಮ ಕೈಸೇರಿತೆಂಬ ಸಾಕ್ಷಿಯೇ ಅದು, ಹಾಗಾಗಿ ಹೊಲಿದು ತೃಪ್ತಿಯಾದ ಮೇಲಷ್ಟೇ ತೋರಿಸಿ.

ಪಾರ್ಸೆಲ್ ಬಂದರೆ, ಹೊರಗಿನ ಪೆಟ್ಟಿಗೆಯ ನಾಲ್ಕೂ ಮಗ್ಗುಲಿನಿಂದ ಆರಂಭಿಸಿ ಬಿಚ್ಚುವುದನ್ನೆಲ್ಲ ಒಂದೇ ಓಟದಲ್ಲಿ ವೀಡಿಯೋ ಮಾಡಿಕೊಳ್ಳಿ, ಪೆಟ್ಟಿಗೆ ಮತ್ತು ಮೆತ್ತೆಗಳನ್ನು ಎಸೆಯಬೇಡಿ. ಹಾನಿಯಾಗಿದ್ದರೆ ಸಾಗಣೆ ಸಂಸ್ಥೆಯವರು ಅದನ್ನೇ ಮೊದಲು ಕೇಳುತ್ತಾರೆ. ಚಳಿಗಾಲದಲ್ಲಿ ಬಂದ ಯಂತ್ರವನ್ನು ಒಂದು ದಿನ ಮನೆಯ ಬಿಸಿಗೆ ಹೊಂದಿಕೊಳ್ಳಲು ಬಿಟ್ಟು ಆಮೇಲೆ ಪ್ಲಗ್ ಹಾಕಿ. ಮೊದಲ ವಾರದಲ್ಲೇ ಎಲ್ಲ ಹೊಲಿಗೆಗಳನ್ನೂ, ಕಸೂತಿಯಿದ್ದರೆ ಒಂದು ಪೂರ್ತಿ ವಿನ್ಯಾಸವನ್ನೂ ಹಾಕಿ ನೋಡಿ, ಒಂದು ಬಾಬಿನ್ ತುಂಬಿ ಖಾಲಿಯಾಗುವವರೆಗೆ ನಿಲ್ಲಿಸದೆ ಹೊಲಿಯಿರಿ. ಬಿಸಿಯಾದ ಮೇಲೆ ಮಾತ್ರ ತಲೆದೋರುವ ದೋಷಗಳು ಐದು ನಿಮಿಷದ ಪರೀಕ್ಷೆಯಲ್ಲಿ ಅಡಗಿಕೊಂಡಿರುತ್ತವೆ. ಡೀಲರಿನ ಬಳಿ ಒಯ್ಯುವುದನ್ನು ಮುಂದಿನ ತಿಂಗಳಿಗೆ ಹಾಕಬೇಡಿ, ಏಕೆಂದರೆ ದೋಷವಿದೆಯೆಂದು ಅವರು ಬರೆದುಕೊಡುವ ಚೀಟಿ ಆ 30 ದಿನಗಳೊಳಗೆ ನಿಮ್ಮ ಕೈಯಲ್ಲಿರಬೇಕು.

ಧಾರವಾಡಕ್ಕೆ ಒಯ್ಯುವ ಪ್ರಶ್ನೆಗೆ ಉತ್ತರ ಯಂತ್ರದ ಮೇಲಿನ ವಿದ್ಯುತ್ ಪಟ್ಟಿಯಲ್ಲೇ ಇದೆ. ಕ್ರಮಸಂಖ್ಯೆಯ ಫೋಟೋ ಕೇಳುವಾಗ ಅದನ್ನೂ ಸೇರಿಸಿ ಕೇಳಿ. ಅಮೆರಿಕದ ಮನೆಗಳಲ್ಲಿ 120 ವೋಲ್ಟ್, ನಮ್ಮಲ್ಲಿ 230 ವೋಲ್ಟ್. ಪಟ್ಟಿಯಲ್ಲಿ 100ರಿಂದ 240 ಎಂದಿದ್ದರೆ ಪ್ಲಗ್ ಬದಲಿಸಿದರೆ ಸಾಕು. 110 ಅಥವಾ 120 ಎಂದಷ್ಟೇ ಇದ್ದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಪಟ್ಟಿಯಲ್ಲಿ ಬರೆದ ವ್ಯಾಟ್‌ಗಿಂತ ಸಾಕಷ್ಟು ಹೆಚ್ಚಿನ ಸಾಮರ್ಥ್ಯದ್ದನ್ನು ಕೊಳ್ಳಿ, ಅದಿಲ್ಲದೆ ಊರಿನಲ್ಲಿ ಒಮ್ಮೆ ಪ್ಲಗ್ ಹಾಕಿದರೂ ಮೋಟಾರ್ ಅಥವಾ ಬೋರ್ಡ್ ಸುಟ್ಟುಹೋಗುತ್ತದೆ. ಊರಿಗೆ ಒಯ್ಯುವ ಉದ್ದೇಶ ಗಟ್ಟಿಯಾಗಿದ್ದರೆ, ನಾನಾದರೆ 2008ರ ಯಂತ್ರಕ್ಕಿಂತ ಹಳೆಯ ರೆಕಾರ್ಡನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಅದರ ಒಳಗಿನದೆಲ್ಲ ಕಣ್ಣಿಗೆ ಕಾಣುವ ಲೋಹ ಮತ್ತು ತಂತಿ, ಒಬ್ಬ ಒಳ್ಳೆಯ ಮೆಕ್ಯಾನಿಕ್ ತಾಳ್ಮೆಯಿಂದ ಕೂತರೆ ಓದಿಕೊಳ್ಳಬಲ್ಲ ಯಂತ್ರ. ಬಾಬಿನ್ ಕೇಸ್ ಒಂದನ್ನೂ, ಆ ಮಾದರಿಗೆ ಹೊಂದುವ ಬಾಬಿನ್‌ಗಳನ್ನೂ ಅಮೆರಿಕದಲ್ಲೇ ಹೆಚ್ಚುವರಿಯಾಗಿ ಕೊಂಡು ಜೊತೆಗಿಟ್ಟುಕೊಳ್ಳಿ.

ಸದ್ಯಕ್ಕೆ, ಹರಾಜು ಭಾನುವಾರ ಮುಗಿಯುತ್ತದೆ ಎಂದಿದ್ದೀರಿ. ಇವತ್ತೇ ಮಾರುವವರಿಗೆ ಸೌಜನ್ಯದಿಂದ ಬರೆದು ಹೆಸರಿನ ಫಲಕದ ಫೋಟೋ, ಹೊಲಿಯುವ ವೀಡಿಯೋ, ಹುಕ್ಕಿನ ಜಾಗದ ಫೋಟೋ ಕೇಳಿ, ಪ್ಯಾಕಿಂಗ್ ಬಗ್ಗೆ ಒಪ್ಪಿಗೆಯನ್ನೂ ಕೇಳಿ. ಶನಿವಾರ ರಾತ್ರಿಯೊಳಗೆ ಈ ನಾಲ್ಕೂ ಬಂದರೆ 972ರವರೆಗೆ ಹೋಗಿ. ಬಾರದಿದ್ದರೆ ಈ ಯಂತ್ರವನ್ನು ಬಿಟ್ಟುಬಿಡಿ. 830 ರೆಕಾರ್ಡ್‌ಗಳು ಇಬೇಗೆ ಮತ್ತೆ ಮತ್ತೆ ಬರುತ್ತಲೇ ಇರುತ್ತವೆ.